ಮಸೂದ್ ಬಾರ್ಜಾನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇರಾಕಿನ ಬಗ್ಗೆ ಬರೆದಾಗಲೆಲ್ಲ ಓದುಗರ ಪತ್ರಗಳಲ್ಲಿ, ಗೆಳೆಯರ ಮಾತಿನಲ್ಲಿ, ಬರಹದ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಮಸೂದ್ ಬಾರ್ಜಾನಿ ಕುರಿತು ಅವೇ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಅವರ ರಾಜಕಾರಣವನ್ನು ಒಪ್ಪುವುದು ಬಿಡುವುದು ಆಮೇಲಿನ ಮಾತು. ಆ ಮನೆತನ ಪಟ್ಟ ಪಾಡು ತಿಳಿಯದೆ ಅವರ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಹಾಗಾಗಿ ಆ ಭಾಗ ಸ್ವಲ್ಪ ಉದ್ದವಾಗಿದೆ.

## ಮೊದಲ ಪರಿಚಯ

ಯಾರು ಈ ಬಾರ್ಜಾನಿ? ಚಿಕ್ಕದಾಗಿ ಹೇಳಿ.

ಇರಾಕಿನ ಕುರ್ದರ ಹಿರಿಯ ನಾಯಕ. 1946ರ ಆಗಸ್ಟ್ 16ರಂದು ಹುಟ್ಟಿದರು. 1979ರಿಂದ ಇಂದಿನವರೆಗೂ ಕುರ್ದಿಸ್ತಾನ ಡೆಮಾಕ್ರಟಿಕ್ ಪಾರ್ಟಿಯ (ಕೆಡಿಪಿ) ಅಧ್ಯಕ್ಷರು. 2005ರಿಂದ 2017ರವರೆಗೆ ಇರಾಕಿನ ಒಳಗಿನ ಸ್ವಾಯತ್ತ ಕುರ್ದಿಸ್ತಾನ ಪ್ರಾಂತ್ಯದ ಅಧ್ಯಕ್ಷರಾಗಿದ್ದರು. ಕುರ್ದ್ ದಂಗೆಗಳ ದಂತಕಥೆಯೇ ಆಗಿಹೋದ ಮುಲ್ಲಾ ಮುಸ್ತಫಾ ಬಾರ್ಜಾನಿಯವರ ಮಗ. ಕೆಂಪು-ಬಿಳಿ ರುಮಾಲು, ಸೊಂಟಕ್ಕೆ ಸುತ್ತಿದ ಪಟ್ಟಿ, ದೊಗಲೆ ಷರಾಯಿ, ಇದು ಅವರ ಉಡುಪು. 2005ರಲ್ಲಿ ಅಮೆರಿಕದ ಶ್ವೇತಭವನಕ್ಕೆ ಹೋದಾಗಲೂ ಅದೇ ಉಡುಪಿನಲ್ಲಿ ಹೋಗಿದ್ದರು.

ಕುರ್ದರಿಗೆ ಅಂತ ಒಂದು ದೇಶ ಇಲ್ವಾ?

ಇಲ್ಲ. ಮೂರರಿಂದ ನಾಲ್ಕು ಕೋಟಿ ಜನ ಇದ್ದಾರೆ ಎಂಬುದು ಸಾಮಾನ್ಯ ಅಂದಾಜು. ಟರ್ಕಿ, ಇರಾನ್, ಇರಾಕ್, ಸಿರಿಯಾ ಈ ನಾಲ್ಕು ದೇಶಗಳು ಒಂದಕ್ಕೊಂದು ತಾಗುವ ಗುಡ್ಡಗಾಡಿನಲ್ಲಿ ಹಂಚಿಹೋಗಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ಸಾಮ್ರಾಜ್ಯ ಸೋತ ಮೇಲೆ, 1920ರ ಸೆವ್ರ್ ಒಪ್ಪಂದ ಕುರ್ದರಿಗೆ ಸ್ವಾಯತ್ತತೆಯ, ಮುಂದೆ ಸ್ವಾತಂತ್ರ್ಯದ ಆಸೆ ತೋರಿಸಿತು. ಮೂರೇ ವರ್ಷದಲ್ಲಿ ಲೊಸಾನ್ ಒಪ್ಪಂದ ಅದರ ಜಾಗಕ್ಕೆ ಬಂತು, ಅದರಲ್ಲಿ ಕುರ್ದರ ಹೆಸರೇ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕೂ ದೇಶಗಳು ಬೇರೆ ಯಾವುದರಲ್ಲಿ ಕಚ್ಚಾಡಿದರೂ, ಕುರ್ದರಿಗೆ ರಾಜ್ಯ ಸಿಗಬಾರದು ಎಂಬುದರಲ್ಲಿ ಮಾತ್ರ ಒಂದೇ ಮನಸ್ಸಾಗಿವೆ.

ಬಾರ್ಜಾನ್ ಅನ್ನೋದು ಊರಿನ ಹೆಸರಾ, ಕುಲದ ಹೆಸರಾ?

ಎರಡೂ. ಉತ್ತರ ಇರಾಕಿನಲ್ಲಿ, ದೊಡ್ಡ ಜಾಬ್ ನದಿಯ ಕಣಿವೆಯಲ್ಲಿರುವ ಒಂದು ಹಳ್ಳಿ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನಕ್ಷಬಂದಿ ಸೂಫಿ ಪಂಥದ ಶೇಖ್‌ಗಳು ನೆಲೆಯಾದರು. ಜಮೀನ್ದಾರರ ಕಾಟ ತಾಳಲಾರದ ಬಡ ರೈತರು, ಬೇರೆ ಬೇರೆ ಬುಡಕಟ್ಟಿನವರು ಅವರ ಆಸರೆಗೆ ಬಂದು ಸೇರಿಕೊಂಡರು. ಕಾಲಕ್ರಮದಲ್ಲಿ ಅವರೆಲ್ಲ ‘ಬಾರ್ಜಾನಿ’ಗಳಾದರು. ರಕ್ತಸಂಬಂಧಕ್ಕಿಂತ ಗುರುಭಕ್ತಿಯೇ ಅವರನ್ನು ಕಟ್ಟಿ ಹಿಡಿದಿತ್ತು. ಹಸಿ ಮರ ಕಡಿಯಬಾರದು, ಬೇಟೆಯಾಡಬಾರದು ಎಂದು ಆ ಶೇಖ್‌ಗಳು ಕಟ್ಟಳೆ ಮಾಡಿದ್ದರು. ಕ್ರೈಸ್ತರಿಗೂ ಯಹೂದಿಗಳಿಗೂ ಆ ಕಣಿವೆಯಲ್ಲಿ ಜಾಗವಿತ್ತು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಾರ್ಜಾನಿಗಳೆಂದರೆ ಬರೀ ಬಂದೂಕು ಹಿಡಿದ ಗುಡ್ಡದ ಜನ ಎಂಬ ಚಿತ್ರ ನಮ್ಮ ಪತ್ರಿಕೆಗಳಲ್ಲಿ ತುಂಬಾ ಸಲ ಬಂದಿದೆ.

ಇರಾಕಿನ ನಾಯಕ ಇರಾನಿನಲ್ಲಿ ಹುಟ್ಟಿದ್ದು ಹೇಗೆ?

ತಂದೆ ಮುಸ್ತಫಾ ಆಗ ತಲೆಮರೆಸಿಕೊಂಡು ಗಡಿ ದಾಟಿದ್ದರು. 1943ರಿಂದ 45ರವರೆಗೆ ಬಾಗ್ದಾದಿನ ವಿರುದ್ಧ ದಂಗೆ ನಡೆಸಿ, ಸೋತು, ಸಾವಿರಾರು ಬಾರ್ಜಾನಿಗಳೊಂದಿಗೆ ಇರಾನಿಗೆ ಹೋದರು. ಸೋವಿಯತ್ ಸೇನೆಯ ನೆರಳಿನಲ್ಲಿ ಅಲ್ಲಿ 1946ರ ಜನವರಿ 22ರಂದು ಮಹಾಬಾದ್ ಗಣರಾಜ್ಯ ಘೋಷಣೆಯಾಯಿತು. ಕುರ್ದರು ತಮ್ಮದೆಂದು ಕರೆದುಕೊಂಡ ಆ ಪುಟ್ಟ ರಾಜ್ಯಕ್ಕೆ ಮುಸ್ತಫಾ ಒಬ್ಬ ಸೇನಾಪತಿ. ಮಸೂದ್ ಹುಟ್ಟಿದ್ದು ಆ ಮಹಾಬಾದಿನಲ್ಲಿ, ಅದೂ ಕೆಡಿಪಿ ಸ್ಥಾಪನೆಯಾದ ದಿನವೇ. ಗಣರಾಜ್ಯ ಡಿಸೆಂಬರ್ ದಾಟಲಿಲ್ಲ. ಸೋವಿಯತ್ ಸೇನೆ ಹಿಂದೆ ಸರಿದಿದ್ದರಿಂದ ಇರಾನಿನ ಸೈನ್ಯ ಸಲೀಸಾಗಿ ಒಳನುಗ್ಗಿತು. ಅಧ್ಯಕ್ಷ ಖಾಜಿ ಮುಹಮ್ಮದ್ ಅವರನ್ನು 1947ರ ಮಾರ್ಚ್ 31ರಂದು ಊರಿನ ಚೌಕದಲ್ಲೇ ಗಲ್ಲಿಗೇರಿಸಿದರು.

## ಮನೆತನ ಅನುಭವಿಸಿದ್ದು

ಈ ಮನೆತನವನ್ನು ಸದ್ದಾಂ ಮಾತ್ರ ಕಾಡಿದ್ದಾ, ಅದಕ್ಕೂ ಮೊದಲು ಇತ್ತಾ?

ಸದ್ದಾಂ ಹುಟ್ಟುವ ಮೊದಲೇ ಶುರುವಾಗಿತ್ತು. ಮುಸ್ತಫಾ ಅವರ ಅಣ್ಣ ಶೇಖ್ ಅಬ್ದುಲ್ ಸಲಾಂ ಅವರನ್ನು 1914ರಲ್ಲಿ ಆಟೊಮನ್ ಆಡಳಿತ ಮೋಸುಲ್‌ನಲ್ಲಿ ಗಲ್ಲಿಗೇರಿಸಿತು. ಕುರ್ದಿಷ್ ಭಾಷೆಯಲ್ಲಿ ಆಡಳಿತ ಮತ್ತು ಶಾಲೆ ಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಮುಸ್ತಫಾ ತೀರಾ ಎಳೆಯ ಮಗುವಾಗಿದ್ದಾಗಲೇ ತಾಯಿಯ ಜೊತೆ ಜೈಲು ಕಂಡವರು.

ಆಟೊಮನ್ನರು ಹೋಗಿ ಬ್ರಿಟಿಷರು ಬಂದರು, ಕಷ್ಟ ಹೋಗಲಿಲ್ಲ. 1931–32ರಲ್ಲಿ ಇನ್ನೊಬ್ಬ ಅಣ್ಣ ಶೇಖ್ ಅಹ್ಮದ್ ಎದ್ದು ನಿಂತಾಗ ಇರಾಕಿ ಸೈನ್ಯಕ್ಕೆ ಬೆಂಬಲವಾಗಿ ಬ್ರಿಟನ್ನಿನ ವಿಮಾನಗಳು ಬಾರ್ಜಾನ್ ಹಳ್ಳಿಗಳ ಮೇಲೆ ಬಾಂಬು ಸುರಿದವು. ಆಮೇಲೆ ಇಡೀ ಕುಟುಂಬವನ್ನು ಗುಡ್ಡದಿಂದ ಕಿತ್ತು ದಕ್ಷಿಣ ಇರಾಕಿನ ಬಯಲಿಗೆ, ಅಲ್ಲಿಂದ ಸುಲೈಮಾನಿಯಾಕ್ಕೆ ಗಡಿಪಾರು ಮಾಡಿದರು. 1943ರಲ್ಲಿ ಮುಸ್ತಫಾ ತಪ್ಪಿಸಿಕೊಂಡದ್ದು ಸುಲೈಮಾನಿಯಾದಿಂದಲೇ. ಸುಲ್ತಾನರು, ಬ್ರಿಟಿಷರು, ಬಾಗ್ದಾದಿನ ದೊರೆಗಳು, ಕೊನೆಗೆ ಸದ್ದಾಂನ ಬಾಥ್ ಪಕ್ಷ, ಹೀಗೆ ಆಳುವವರು ಬದಲಾದರು. ಬಾರ್ಜಾನ್ ಮಾತ್ರ ಪ್ರತಿಯೊಬ್ಬರ ಕಾಲದಲ್ಲೂ ಸುಟ್ಟಿತು.

ತಂದೆಯನ್ನು ನೋಡಿದ್ದೇ ಹನ್ನೆರಡನೇ ವಯಸ್ಸಿನಲ್ಲಂತೆ, ನಿಜವಾ?

ಅರಿವು ಬಂದ ಮೇಲೆ ನೋಡಿದ್ದು ಆಗಲೇ. ಮಹಾಬಾದ್ ಬಿದ್ದ ಮೇಲೆ ಮುಸ್ತಫಾ ಸುಮಾರು 500 ಹೋರಾಟಗಾರರೊಂದಿಗೆ ಇರಾಕ್, ಟರ್ಕಿ, ಇರಾನ್ ಮೂರೂ ಸೈನ್ಯಗಳ ಕಣ್ಣು ತಪ್ಪಿಸುತ್ತಾ ಕಾಲ್ನಡಿಗೆಯಲ್ಲಿ ಹೋಗಿ, 1947ರ ಜೂನ್‌ನಲ್ಲಿ ಅರಸ್ ನದಿ ದಾಟಿ ಸೋವಿಯತ್ ಒಕ್ಕೂಟ ಸೇರಿದರು. ಹೆಂಗಸರು, ಮಕ್ಕಳು, ವಯಸ್ಸಾದವರು ಇರಾಕಿಗೆ ಮರಳಿ ಶರಣಾದರು. ಕೂಸು ಮಸೂದ್ ಅವರೊಳಗಿತ್ತು. ದೊಡ್ಡಪ್ಪ ಶೇಖ್ ಅಹ್ಮದ್ ಜೈಲು ಸೇರಿದರು, ಬಿಡುಗಡೆಯಾಗಲು 1958 ಬರಬೇಕಾಯಿತು. ಮುಸ್ತಫಾ ಜೊತೆಗಿದ್ದ ನಾಲ್ವರು ಕುರ್ದ್ ಸೇನಾಧಿಕಾರಿಗಳನ್ನು 1947ರಲ್ಲೇ ಬಾಗ್ದಾದಿನಲ್ಲಿ ನೇಣಿಗೇರಿಸಿದರು.

ಮಸೂದ್ ಬೆಳೆದದ್ದು ಮೋಸುಲ್‌ನಲ್ಲಿ, ತಾಯಿಯ ಕಡೆಯವರ ಆಸರೆಯಲ್ಲಿ. ತಾಯಿ ಹಮಾಯಿಲ್ ಜೀಬಾರಿ ಕುಲದವರು. ಜೀಬಾರಿಗಳಿಗೂ ಬಾರ್ಜಾನಿಗಳಿಗೂ ಹಳೆಯ ಹಗೆತನ, ಅದನ್ನು ತಣಿಸಲೆಂದೇ ಆದ ಸಂಬಂಧ ಅದು. 1958ರ ಜುಲೈ 14ರಂದು ಬಾಗ್ದಾದಿನಲ್ಲಿ ರಾಜಪ್ರಭುತ್ವ ಉರುಳಿ ಅಬ್ದುಲ್ ಕರೀಂ ಖಾಸಿಂ ಅಧಿಕಾರಕ್ಕೆ ಬಂದಾಗ ಮುಸ್ತಫಾರನ್ನು ಕರೆಸಿಕೊಂಡರು. ಹನ್ನೊಂದು ವರ್ಷದ ಮೇಲೆ ತಂದೆ ಬಂದರು. ಮಗನಿಗೆ ಆಗ ಹನ್ನೆರಡು.

ಹದಿನಾರಕ್ಕೇ ಬಂದೂಕು ಹಿಡಿದರು ಅಂತಾರೆ. ಓದು?

ಅರ್ಧಕ್ಕೇ ನಿಂತಿತು. ಖಾಸಿಂ ಜೊತೆಗಿನ ಸ್ನೇಹ ಮೂರು ವರ್ಷವೂ ಬಾಳಲಿಲ್ಲ. 1961ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು, ಮರುವರ್ಷ ಮಸೂದ್ ಬಾಗ್ದಾದಿನ ಶಾಲೆ ಬಿಟ್ಟು ಗುಡ್ಡ ಹತ್ತಿ ಪೆಶ್ಮೆರ್ಗಾ ಪಡೆ ಸೇರಿದರು. ಕುರ್ದ್ ಹೋರಾಟಗಾರರನ್ನು ಕರೆಯುವುದು ಆ ಹೆಸರಿನಿಂದ. ಅವರಿಗಿಂತ ಎರಡು ವರ್ಷ ದೊಡ್ಡವರಾದ ಅಣ್ಣ ಇದ್ರಿಸ್ ಕೂಡ ಅಲ್ಲೇ ಇದ್ದರು. 1970ರ ಮಾರ್ಚ್ 11ರ ಸ್ವಾಯತ್ತತೆಯ ಒಪ್ಪಂದದ ಮಾತುಕತೆಯ ಹೊತ್ತಿಗೆ ಈ ಅಣ್ಣತಮ್ಮಂದಿರು ತಂದೆಯ ಎರಡು ಕೈಗಳಾಗಿದ್ದರು.

ಬಾಗ್ದಾದ್ ಪರವಾಗಿ ಆ ಒಪ್ಪಂದ ಕುದುರಿಸಿದವನು ಸದ್ದಾಂ ಹುಸೇನ್. ಅದು ಮೂಗಿಗೆ ತುಪ್ಪ ಸವರುವ ಕೆಲಸವಾಗಿತ್ತು ಎಂಬುದು ಬೇಗ ತಿಳಿಯಿತು. 1971ರ ಸೆಪ್ಟೆಂಬರ್‌ನಲ್ಲಿ ಮಾತುಕತೆಗೆಂದು ಬಂದ ಧರ್ಮಗುರುಗಳ ಕೈಯಲ್ಲಿ ಟೇಪ್ ರೆಕಾರ್ಡರ್ ಕೊಟ್ಟು ಕಳಿಸಿದ್ದರು. ಅದರೊಳಗೆ ಬಾಂಬಿತ್ತು, ಒಯ್ದವರಿಗೇ ಅದು ತಿಳಿದಿರಲಿಲ್ಲ. ಸ್ಫೋಟದಲ್ಲಿ ಆ ಗುರುಗಳೇ ಸತ್ತರು, ಮುಸ್ತಫಾ ಉಳಿದರು.

1975ರ ಬಗ್ಗೆ ಕುರ್ದರು ಇವತ್ತಿಗೂ ಅಷ್ಟು ನೋವಿನಿಂದ ಮಾತಾಡ್ತಾರಲ್ಲ, ಆಗ ಏನಾಯ್ತು?

ನಡುನೀರಿನಲ್ಲಿ ಕೈಬಿಟ್ಟರು. 1974ರಲ್ಲಿ ಮತ್ತೆ ಹೊತ್ತಿಕೊಂಡ ಯುದ್ಧದಲ್ಲಿ ಕುರ್ದರಿಗೆ ಇರಾನಿನ ಷಾ ಶಸ್ತ್ರ ಕೊಡುತ್ತಿದ್ದರು, ಹಿಂದೆ ಅಮೆರಿಕ ಇತ್ತು. ಷಾಗೆ ಬೇಕಾಗಿದ್ದದ್ದು ಇರಾಕ್–ಇರಾನ್ ನಡುವಿನ ಶತ್ ಅಲ್ ಅರಬ್ ನದಿಯ ಗಡಿ. 1975ರ ಮಾರ್ಚ್ 6ರಂದು ಅಲ್ಜೀರ್ಸ್‌ನಲ್ಲಿ ಸದ್ದಾಂ ಅದನ್ನು ಬಿಟ್ಟುಕೊಟ್ಟ, ಷಾ ಕುರ್ದರನ್ನು ಬಿಟ್ಟುಕೊಟ್ಟರು. ಸಹಾಯ ರಾತ್ರೋರಾತ್ರಿ ನಿಂತಿತು. ಮುಸ್ತಫಾ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್ ಅವರಿಗೆ ಅಂಗಲಾಚಿ ಬರೆದರೂ ಫಲವಾಗಲಿಲ್ಲ. ಲಕ್ಷಕ್ಕೂ ಮೀರಿ ಜನ ಇರಾನಿಗೆ ಓಡಿದರು.

ಮುಸ್ತಫಾ 1979ರ ಮಾರ್ಚ್ 1ರಂದು ವಾಷಿಂಗ್ಟನ್‌ನ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ವಿಯೆನ್ನಾದಲ್ಲಿ ಮಸೂದ್ ಮೇಲೆ ಗುಂಡಿನ ದಾಳಿ ನಡೆದಿತ್ತು, ಬದುಕುಳಿದಿದ್ದರು. ತಂದೆಯನ್ನು ಮೊದಲು ಮಣ್ಣು ಮಾಡಿದ್ದು ಇರಾನಿನ ಒಶ್ನವಿಯೆಯಲ್ಲಿ. ಬಾರ್ಜಾನ್‌ಗೆ ಆ ಅಸ್ಥಿ ಬರಲು 1993 ಆಗಬೇಕಾಯಿತು.

ಬಾರ್ಜಾನಿ ಕುಲದ 8,000 ಗಂಡಸರು ಒಂದೇ ಸಲ ಕಾಣೆಯಾದರು ಅಂತ ಓದಿದೆ. ಇದು ಹೇಗೆ ಸಾಧ್ಯ?

ಈ ಪ್ರಶ್ನೆ ಕೇಳುವವರು ಬಹುತೇಕ ನಂಬಲಾಗದೆ ಕೇಳುತ್ತಾರೆ. ನಡೆದದ್ದು ಹೀಗೆ.

1975ರ ಸೋಲಿನ ನಂತರ ಸರ್ಕಾರ ಬಾರ್ಜಾನ್ ಕಣಿವೆಯನ್ನೇ ಖಾಲಿ ಮಾಡಿಸಿತು. ಮಂಜು ಬೀಳುವ ಬೆಟ್ಟದ ಜನರನ್ನು ದಕ್ಷಿಣದ ಮರಳುಗಾಡಿನ ಊರುಗಳಿಗೆ ಸಾಗಿಸಿದರು. ಕೆಲವು ವರ್ಷದ ಮೇಲೆ ಅವರಲ್ಲಿ ಬಹಳಷ್ಟು ಮಂದಿಯನ್ನು ಮತ್ತೆ ಉತ್ತರಕ್ಕೆ ತಂದು, ಈಗ ಕುರ್ದ್ ಪ್ರಾಂತ್ಯದ ರಾಜಧಾನಿಯಾಗಿರುವ ಎರ್ಬಿಲ್ ಹತ್ತಿರದ ಕುಶ್ತಪಾ ಮುಂತಾದ ಶಿಬಿರಗಳಲ್ಲಿ ಕಾವಲಿನ ನಡುವೆ ಇಟ್ಟರು. ಆಗ ಇರಾನ್–ಇರಾಕ್ ಯುದ್ಧ ನಡೆದಿತ್ತು. 1983ರ ಜುಲೈನಲ್ಲಿ ಇರಾನ್ ಗಡಿಯ ಹಾಜಿ ಒಮ್ರಾನ್ ಪ್ರದೇಶವನ್ನು ವಶಪಡಿಸಿಕೊಂಡಿತು, ಕೆಡಿಪಿ ಪಡೆಗಳು ಅದಕ್ಕೆ ನೆರವಾದವು. ಆ ಸಿಟ್ಟು ಬಿದ್ದದ್ದು ಶಿಬಿರದಲ್ಲಿ ನಿರಾಯುಧರಾಗಿ ಕೂತಿದ್ದವರ ಮೇಲೆ.

ಜುಲೈ 31ರ ನಸುಕಿನಲ್ಲಿ ಸೈನಿಕರು ಕುಶ್ತಪಾ ಶಿಬಿರವನ್ನು ಸುತ್ತುವರಿದು, ಗಂಡಸು ಎನ್ನಿಸಿಕೊಂಡವರನ್ನೆಲ್ಲ ಬಸ್ಸು, ಲಾರಿಗಳಿಗೆ ತುಂಬಿದರು. ಹಾಲುಗೆನ್ನೆಯ ಹುಡುಗರೂ ಇದ್ದರು, ಕೋಲು ಊರುವ ಮುದುಕರೂ ಇದ್ದರು. ಬೇರೆ ಶಿಬಿರಗಳಲ್ಲೂ ಹೀಗೇ ಆಯಿತು. ಒಟ್ಟು ಸಂಖ್ಯೆ 5,000ದಿಂದ 8,000 ಎಂದು ಮಾನವ ಹಕ್ಕು ಸಂಸ್ಥೆಗಳು ಹೇಳುತ್ತವೆ, ಕುರ್ದರ ಲೆಕ್ಕ 8,000. ಅವರ ಪೈಕಿ 37 ಮಂದಿ ಮಸೂದ್ ಅವರ ಹತ್ತಿರದ ಬಳಗದವರು. ಬಾರ್ಜಾನಿಗಳು ಕಠಿಣ ಶಿಕ್ಷೆ ಪಡೆದು ನರಕಕ್ಕೆ ಹೋದರೆಂದು ಸದ್ದಾಂ ಆ ಸೆಪ್ಟೆಂಬರಿನ ಭಾಷಣದಲ್ಲಿ ಬಹಿರಂಗವಾಗಿಯೇ ಹೇಳಿದ.

ಉಳಿದದ್ದು ಹೆಂಗಸರು. ಅವರಿಗೆ ಗಂಡ ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದು. ಕಪ್ಪು ಉಟ್ಟು, ಕೂಲಿ ಮಾಡಿ, ಮಕ್ಕಳನ್ನು ಸಾಕುತ್ತಾ ಇಪ್ಪತ್ತು ವರ್ಷ ಕಾದರು. ಸದ್ದಾಂ ಬಿದ್ದ ಮೇಲೆ ಸೌದಿ ಗಡಿಯ ಕಡೆಗಿರುವ ಬುಸಯ್ಯಾ ಮರಳುಗಾಡಿನಲ್ಲಿ ಸಾಮೂಹಿಕ ಗೋರಿಗಳು ಸಿಕ್ಕವು. 2005ರಲ್ಲಿ ಸುಮಾರು 500 ಮಂದಿಯ ಅಸ್ಥಿಗಳನ್ನು ಬಾರ್ಜಾನ್‌ಗೆ ತಂದು ಮಣ್ಣು ಮಾಡಿದರು. ಮಿಕ್ಕವರಲ್ಲಿ ಹೆಚ್ಚಿನವರು ಇನ್ನೂ ಸಿಕ್ಕಿಲ್ಲ.

ಇದಾದ ಐದು ವರ್ಷಕ್ಕೆ, 1988ರಲ್ಲಿ, ಅನ್ಫಾಲ್ ಹೆಸರಿನ ಕಾರ್ಯಾಚರಣೆಯಲ್ಲಿ ಇದೇ ವಿಧಾನವನ್ನು ಇಡೀ ಕುರ್ದ್ ಹಳ್ಳಿನಾಡಿಗೆ ಹಬ್ಬಿಸಿದರು. ಅದರಲ್ಲಿ ಸತ್ತವರು 50,000ದಿಂದ 1,00,000 ಎಂದು ಹ್ಯೂಮನ್ ರೈಟ್ಸ್ ವಾಚ್ ಅಂದಾಜು ಮಾಡಿದೆ. 1983 ಅದರ ತಾಲೀಮಾಗಿತ್ತು. ಆಗ ಜಗತ್ತು ಸುಮ್ಮನಿತ್ತು, ಇರಾನನ್ನು ಎದುರಿಸುತ್ತಿದ್ದ ಸದ್ದಾಂ ಎಲ್ಲರಿಗೂ ಬೇಕಾದವನಾಗಿದ್ದ. ಈ ಮೌನವನ್ನು ಕ್ಷಮಿಸುವುದು ನನಗೆ ಇವತ್ತಿಗೂ ಆಗಿಲ್ಲ.

ಮಸೂದ್ ಅವರ ಸ್ವಂತ ಅಣ್ಣನೇ ಸದ್ದಾಂ ಕಡೆ ಹೋಗಿದ್ದರಂತೆ?

ಹೌದು. ಮುಸ್ತಫಾ ಅವರ ಹಿರಿಯ ಮಗ, ಬೇರೆ ತಾಯಿಯ ಉಬೈದುಲ್ಲಾ, ತಂದೆಯೊಂದಿಗೆ ಮುನಿಸಿಕೊಂಡು 1974ರಲ್ಲಿ ಬಾಗ್ದಾದಿನ ಸರ್ಕಾರದಲ್ಲಿ ಮಂತ್ರಿಯಾದರು. ಅದು ಅವರನ್ನು ಉಳಿಸಲಿಲ್ಲ. 1980ರ ದಶಕದಲ್ಲಿ ಅದೇ ಸರ್ಕಾರ ಅವರನ್ನೂ ಮುಗಿಸಿತು. ಮಸೂದ್ ಕಳೆದುಕೊಂಡ ಮೂವರು ಸಹೋದರರಲ್ಲಿ ಉಬೈದುಲ್ಲಾ ಒಬ್ಬರು, ಲುಕ್ಮಾನ್ ಮತ್ತು ಸಾಬಿರ್ ಇನ್ನಿಬ್ಬರು.

## ರಾಜಕಾರಣ

ಅಷ್ಟೆಲ್ಲ ಆದ ಮೇಲೂ 1991ರಲ್ಲಿ ಸದ್ದಾಂ ಎದುರು ಕೂತು ಮಾತಾಡಿದ್ದು ಯಾಕೆ?

ಜನ ಸಾಯುತ್ತಿದ್ದರು, ಅದಕ್ಕೆ. ಕುವೈತ್ ಯುದ್ಧದಲ್ಲಿ ಸದ್ದಾಂ ಸೋತಾಗ, 1991ರ ಮಾರ್ಚ್‌ನಲ್ಲಿ, ಕುರ್ದರು ಎದ್ದು ಕಿರ್ಕುಕ್‌ವರೆಗೆ ಊರೂರು ಗೆದ್ದರು. ದಂಗೆ ಏಳಿ ಎಂದು ಹುರಿದುಂಬಿಸಿದ್ದ ಅಮೆರಿಕ ಸುಮ್ಮನೆ ನಿಂತಿತು, ಸದ್ದಾಂನ ಹೆಲಿಕಾಪ್ಟರ್‌ಗಳು ಮತ್ತೆ ಬಂದವು. 1988ರಲ್ಲಿ ಕುರ್ದ್ ಊರು ಹಲಬ್ಜಾದ ಮೇಲೆ ಸದ್ದಾಂ ಪಡೆ ಬಿಟ್ಟ ವಿಷಾನಿಲ ಯಾರಿಗೂ ಮರೆತಿರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹಿಮದ ಬೆಟ್ಟ ಹತ್ತಿ ಟರ್ಕಿ, ಇರಾನ್ ಗಡಿಗೆ ಓಡಿದರು, ದಾರಿಯಲ್ಲಿ ಮಕ್ಕಳು ಚಳಿಗೆ ಸತ್ತರು. ಆ ಹೊತ್ತಿನಲ್ಲಿ ಸಲಾಹುದ್ದೀನ್ ಊರಿನಾಚೆಯ ಕೋರೆ ಕಣಿವೆಯಲ್ಲಿ ಬಾರ್ಜಾನಿ ಬೆರಳೆಣಿಕೆಯ ಪೆಶ್ಮೆರ್ಗಾಗಳೊಂದಿಗೆ ನಿಂತು ಇರಾಕಿ ಟ್ಯಾಂಕುಗಳ ಸಾಲನ್ನು ತಡೆದರು. ಕುರ್ದರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಳಗ ಅದು.

ಆಮೇಲೆ ಬಾಗ್ದಾದಿಗೆ ಹೋದರು. ತನ್ನ ಅಣ್ಣಂದಿರನ್ನು ಕೊಂದವನ ಕೈಕುಲುಕಿದರು. ಮಾತುಕತೆ ಫಲ ಕೊಡಲಿಲ್ಲ. ಆದರೆ ಅಷ್ಟರಲ್ಲಿ ಮಿತ್ರರಾಷ್ಟ್ರಗಳು 36ನೇ ಅಕ್ಷಾಂಶದ ಉತ್ತರಕ್ಕೆ ಇರಾಕಿ ವಿಮಾನ ಹಾರದಂತೆ ಮಾಡಿದ್ದವು, ಅಕ್ಟೋಬರ್‌ನಲ್ಲಿ ಸದ್ದಾಂ ತನ್ನ ಸೇನೆಯನ್ನೂ ಆಡಳಿತವನ್ನೂ ಹಿಂದಕ್ಕೆ ತೆಗೆದುಕೊಂಡ. ಹಾಗೆ ತೆರವಾದ ನೆಲವೇ ಇಂದಿನ ಕುರ್ದಿಸ್ತಾನ ಪ್ರಾಂತ್ಯ. 1992ರ ಮೇನಲ್ಲಿ ಅಲ್ಲಿ ಮೊದಲ ಚುನಾವಣೆ ನಡೆಯಿತು. ಕೆಡಿಪಿ ಮತ್ತು ಜಲಾಲ್ ತಾಲಬಾನಿಯವರ ಎದುರಾಳಿ ಕುರ್ದ್ ಪಕ್ಷ ಪೇಟ್ರಿಯಾಟಿಕ್ ಯೂನಿಯನ್ ಆಫ್ ಕುರ್ದಿಸ್ತಾನ (ಪಿಯುಕೆ) ತಲಾ 50 ಸ್ಥಾನ ಹಂಚಿಕೊಂಡವು.

1996ರಲ್ಲಿ ಅದೇ ಸದ್ದಾಂನ ಸೈನ್ಯವನ್ನು ಬಾರ್ಜಾನಿಯೇ ಎರ್ಬಿಲ್‌ಗೆ ಕರೆಸಿದರು ಅಂತಾರೆ. ಸುಳ್ಳು ತಾನೇ?

ಸುಳ್ಳಲ್ಲ. ಆ 50–50ರ ಹಂಚಿಕೆ ಎರಡು ವರ್ಷವೂ ನಿಲ್ಲಲಿಲ್ಲ. ಗಡಿಯ ಸುಂಕದ ಹಣ ಯಾರಿಗೆ, ರಾಜಧಾನಿ ಯಾರದು ಎಂಬ ಜಗಳ 1994ರಲ್ಲಿ ಅಂತರ್ಯುದ್ಧವಾಯಿತು. ಸದ್ದಾಂ ಕೊಲ್ಲಲಾಗದೆ ಬಿಟ್ಟವರನ್ನು ಕುರ್ದರೇ ಕೊಂದರು. ಸತ್ತವರು ಸಾವಿರಾರು. ಪಿಯುಕೆಗೆ ಇರಾನಿನ ಬೆಂಬಲ ಸಿಕ್ಕಿದೆ, ತಾವು ಸೋಲುತ್ತೇವೆ ಎಂದು ಕಂಡಾಗ ಬಾರ್ಜಾನಿ ಬಾಗ್ದಾದಿನ ಸಹಾಯ ಕೇಳಿದರು. 1996ರ ಆಗಸ್ಟ್ 31ರಂದು ಇರಾಕಿ ಟ್ಯಾಂಕುಗಳು ಎರ್ಬಿಲ್ ಹೊಕ್ಕವು. ಅಲ್ಲಿದ್ದ ಸದ್ದಾಂ ವಿರೋಧಿ ಅರಬ್ ಹೋರಾಟಗಾರರನ್ನು ಹಿಡಿದು ಕೊಂದರು.

ಅಸ್ತಿತ್ವದ ಪ್ರಶ್ನೆಯಾಗಿತ್ತು, ಬೇರೆ ದಾರಿ ಇರಲಿಲ್ಲ ಎಂದು ಅವರ ಕಡೆಯವರು ಹೇಳುತ್ತಾರೆ. ಕುಶ್ತಪಾದ ವಿಧವೆಯರು ಬದುಕಿದ್ದ ಊರಿನ ಪಕ್ಕದ ರಸ್ತೆಯಲ್ಲಿ ಅದೇ ಸೈನ್ಯವನ್ನು ನಡೆಸಿದ್ದನ್ನು ನಾನು ಸಮರ್ಥಿಸಲಾರೆ. ಅವರ ಜೀವನದ ಅತಿ ದೊಡ್ಡ ಕಳಂಕ ಇದು. 1998ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಬಾರ್ಜಾನಿ ಮತ್ತು ತಾಲಬಾನಿ ರಾಜಿಯಾದರು.

ಅಧ್ಯಕ್ಷರಾಗಿ ಮಾಡಿದ ಒಳ್ಳೆಯ ಕೆಲಸ ಏನು?

ಮೊದಲನೆಯದು, 2003ರಲ್ಲಿ ಸದ್ದಾಂ ಬಿದ್ದ ನಂತರ ಇರಾಕ್ ಉರಿಯುತ್ತಿದ್ದಾಗ ಕುರ್ದ್ ಭಾಗ ಹೆಚ್ಚುಕಡಿಮೆ ಶಾಂತವಾಗಿತ್ತು. ವಿಮಾನ ನಿಲ್ದಾಣ, ವಿಶ್ವವಿದ್ಯಾಲಯ, ರಸ್ತೆಗಳು ಬಂದವು. ಮೋಸುಲ್, ಬಾಗ್ದಾದ್‌ಗಳಿಂದ ಓಡಿಬಂದ ಕ್ರೈಸ್ತರಿಗೆ, ಅರಬ್ಬರಿಗೆ ಅಲ್ಲಿ ನೆಲೆ ಸಿಕ್ಕಿತು. ಎರಡನೆಯದು, 2005ರ ಇರಾಕಿ ಸಂವಿಧಾನದಲ್ಲಿ ಒಕ್ಕೂಟ ವ್ಯವಸ್ಥೆಯನ್ನೂ ಕುರ್ದಿಷ್ ಭಾಷೆಗೆ ಅಧಿಕೃತ ಸ್ಥಾನವನ್ನೂ ಪಡೆಯುವಲ್ಲಿ ಅವರ ಹಟ ದೊಡ್ಡದು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬಾಥ್ ಕಾಲದ ಇರಾಕಿ ಬಾವುಟವನ್ನು ಕುರ್ದಿಸ್ತಾನದ ಕಚೇರಿಗಳ ಮೇಲೆ ಹಾರಿಸಬಾರದೆಂದು 2006ರ ಸೆಪ್ಟೆಂಬರ್‌ನಲ್ಲಿ ಅವರು ಆದೇಶ ಹೊರಡಿಸಿದರು. ಬಾಗ್ದಾದಿನಲ್ಲಿ ದೊಡ್ಡ ಗದ್ದಲವಾಯಿತು. ಆ ಬಾವುಟದ ಕೆಳಗೇ ತಮ್ಮವರನ್ನು ಕೊಂದರು ಎಂಬುದು ಕುರ್ದರ ವಾದ. 2008ರಲ್ಲಿ ಇರಾಕ್ ಬಾವುಟದ ಮೂರು ನಕ್ಷತ್ರಗಳನ್ನು ತೆಗೆಯಿತು, ಆಮೇಲೆ ಅದು ಎರ್ಬಿಲ್‌ನಲ್ಲೂ ಏರಿತು.

ನಮ್ಮ ನರ್ಸ್‌ಗಳು ಬಿಡುಗಡೆಯಾಗಿ ಬಂದದ್ದು ಇವರ ಊರಿನಿಂದಲೇ ಅಲ್ವಾ?

ಹೌದು, ಎರ್ಬಿಲ್‌ನಿಂದ. 2014ರಲ್ಲಿ ಐಸಿಸ್ ತಿಕ್ರಿತ್ ಹಿಡಿದಾಗ ಅಲ್ಲಿನ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದ 46 ಭಾರತೀಯ ನರ್ಸ್‌ಗಳನ್ನು (ಬಹುತೇಕ ಕೇರಳದವರು) ಉಗ್ರರು ಮೋಸುಲ್‌ಗೆ ಒಯ್ದು, ಆಮೇಲೆ ಬಿಟ್ಟರು. ಕುರ್ದ್ ಆಡಳಿತದ ನೆಲಕ್ಕೆ ಬಂದ ಅವರು ಎರ್ಬಿಲ್ ನಿಲ್ದಾಣದಿಂದ ಏರ್ ಇಂಡಿಯಾ ವಿಶೇಷ ವಿಮಾನದಲ್ಲಿ ಜುಲೈ 5ರಂದು ಕೊಚ್ಚಿ ತಲುಪಿದರು. ಮೋಸುಲ್‌ನಲ್ಲೇ ಸಿಕ್ಕಿಬಿದ್ದ 39 ಭಾರತೀಯ ಕೂಲಿಕಾರರಿಗೆ ಆ ಅದೃಷ್ಟ ಇರಲಿಲ್ಲ. 2016ರಲ್ಲಿ ಭಾರತ ಎರ್ಬಿಲ್‌ನಲ್ಲಿ ಕಾನ್ಸುಲೇಟ್ ತೆರೆಯಿತು.

## ಕಷ್ಟದ ಪ್ರಶ್ನೆಗಳು

ಸಿಂಜಾರ್‌ನಲ್ಲಿ ಯಜಿದಿಗಳನ್ನು ಬಾರ್ಜಾನಿ ಪಡೆಗಳು ಬಿಟ್ಟು ಓಡಿದವು ಎಂಬ ಆರೋಪ ಸರಿಯಾ?

ಸರಿ. ಸಿಂಜಾರ್ ವಾಯವ್ಯ ಇರಾಕಿನ ಊರು, ಯಜಿದಿಗಳು ಅಲ್ಲಿನ ಧಾರ್ಮಿಕ ಅಲ್ಪಸಂಖ್ಯಾತರು. ಅದರ ಕಾವಲು ಕೆಡಿಪಿಯ ಪೆಶ್ಮೆರ್ಗಾಗಳ ಹೊಣೆಯಾಗಿತ್ತು. 2014ರ ಆಗಸ್ಟ್ 3ರಂದು ಐಸಿಸ್ ಬಂದಾಗ ಅವರು ಜನರಿಗೆ ಮುನ್ಸೂಚನೆಯನ್ನೂ ಕೊಡದೆ ಹಿಂದೆ ಸರಿದರು. ಐಸಿಸ್ ಉಗ್ರರು ಸಾವಿರಾರು ಯಜಿದಿಗಳನ್ನು ಕೊಂದರು, ಆರು ಸಾವಿರಕ್ಕೂ ಹೆಚ್ಚು ಹೆಂಗಸರು ಮಕ್ಕಳನ್ನು ಹೊತ್ತೊಯ್ದರು. 2015ರ ನವೆಂಬರ್‌ನಲ್ಲಿ ಬಾರ್ಜಾನಿ ನೇತೃತ್ವದಲ್ಲೇ ಸಿಂಜಾರ್ ಮರಳಿ ಸಿಕ್ಕಿತು. ಐಸಿಸ್ ವಿರುದ್ಧದ ಯುದ್ಧದಲ್ಲಿ ಪೆಶ್ಮೆರ್ಗಾಗಳು ತೆತ್ತ ಬೆಲೆ ಸಣ್ಣದಲ್ಲ. ಆದರೂ, ಗಂಡಸರನ್ನು ಬೇರ್ಪಡಿಸಿ ಸಾಗಿಸಿದ ಕಥೆ ತನ್ನ ಮನೆಯಲ್ಲೇ ಇದ್ದ ನಾಯಕ ಆ ಆಗಸ್ಟಿನ ವೈಫಲ್ಯಕ್ಕೆ ಹೊಣೆಗಾರರನ್ನು ಯಜಿದಿಗಳ ಕಣ್ಣೆದುರು ನಿಲ್ಲಿಸಬೇಕಿತ್ತು. ಅವರಿಗೆ ಸಮಾಧಾನವಾಗುವಂಥ ವಿಚಾರಣೆ ನಡೆಯಲೇ ಇಲ್ಲ.

2017ರ ಜನಮತಗಣನೆ ಗೆದ್ದೂ ಸೋತದ್ದು ಹೇಗೆ?

ಸೆಪ್ಟೆಂಬರ್ 25ರಂದು ಸ್ವಾತಂತ್ರ್ಯ ಬೇಕೇ ಎಂದು ಕೇಳಿದಾಗ ಮತ ಹಾಕಿದವರಲ್ಲಿ ಶೇ 92ಕ್ಕೂ ಹೆಚ್ಚು ಮಂದಿ ಬೇಕು ಎಂದರು. ಬಾಗ್ದಾದ್, ಟೆಹರಾನ್, ಅಂಕಾರಾ ಬಿಡಿ, ಅಮೆರಿಕ ಕೂಡ ಬೇಡವೆಂದು ಮೊದಲೇ ಹೇಳಿತ್ತು. 2014ರಲ್ಲಿ ಇರಾಕಿ ಸೇನೆ ಓಡಿಹೋದಾಗ ಕುರ್ದರ ವಶಕ್ಕೆ ಬಂದಿದ್ದ, ಎಣ್ಣೆಯ ಊರು ಕಿರ್ಕುಕ್‌ನಲ್ಲೂ ಮತದಾನ ನಡೆಸಿದ್ದು ಬಾಗ್ದಾದನ್ನು ಕೆರಳಿಸಿತು. ಕುರ್ದಿಸ್ತಾನದ ನಿಲ್ದಾಣಗಳಿಗೆ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅಕ್ಟೋಬರ್ 16ರಂದು ಇರಾಕಿ ಪಡೆಗಳು ಕಿರ್ಕುಕ್‌ಗೆ ನುಗ್ಗಿದವು. ಪಿಯುಕೆಯ ಒಂದು ಬಣ ಬಾಗ್ದಾದಿನ ಜೊತೆ ಒಳಒಪ್ಪಂದ ಮಾಡಿಕೊಂಡು ಪಡೆ ಹಿಂತೆಗೆಯಿತು, ಇದು ದ್ರೋಹ ಎಂದು ಬಾರ್ಜಾನಿ ಹೇಳಿದರು. ನವೆಂಬರ್ 1ಕ್ಕೆ ಅಧ್ಯಕ್ಷ ಸ್ಥಾನ ಬಿಟ್ಟರು.

ಅದು ದುಡುಕಾ? ಲೆಕ್ಕಾಚಾರ ತಪ್ಪಿತು, ನಿಜ. ತಂದೆ ಕಂಡ ಕನಸನ್ನು ತಾನು ಬದುಕಿರುವಾಗಲೇ ಒಮ್ಮೆ ಜನರ ಮುಂದಿಟ್ಟು ಕೇಳಬೇಕು ಎಂಬ ತವಕ ಆ ನಿರ್ಧಾರದ ಹಿಂದಿತ್ತು ಎಂದು ನನಗನ್ನಿಸುತ್ತದೆ. 1975ರಲ್ಲಿ ಕೈಕೊಟ್ಟ ದೇಶದ ಎಚ್ಚರಿಕೆಗೆ ಅವರು ಯಾಕೆ ಕಿವಿಗೊಡಲಿಲ್ಲ ಎಂಬುದೂ ಅರ್ಥವಾಗುತ್ತದೆ. ಬೆಲೆ ತೆತ್ತವರು ಮಾತ್ರ ಕಿರ್ಕುಕ್ ಬಿಟ್ಟು ಓಡಬೇಕಾದ ಕುರ್ದರು.

ಮಗ ಪ್ರಧಾನಿ, ಅಣ್ಣನ ಮಗ ಅಧ್ಯಕ್ಷ. ಇದು ಅಪ್ಪಟ ಕುಟುಂಬ ರಾಜಕಾರಣ ಅಲ್ವಾ?

ಅಲ್ಲ ಎನ್ನಲು ಬರುವುದಿಲ್ಲ. 1987ರಲ್ಲಿ ತೀರಿಕೊಂಡ ಇದ್ರಿಸ್ ಅವರ ಮಗ ನೆಚಿರ್ವಾನ್ 2019ರಲ್ಲಿ ಪ್ರಾಂತ್ಯದ ಅಧ್ಯಕ್ಷರಾದರು. ಅವರು ಮಸೂದ್ ಅವರ ಅಳಿಯ ಕೂಡ. ಮಗ ಮಸ್ರೂರ್ ಅದೇ ವರ್ಷ ಪ್ರಧಾನಿಯಾದರು, ಅದಕ್ಕೆ ಮೊದಲು ಭದ್ರತಾ ವಿಭಾಗ ಅವರ ಕೈಯಲ್ಲಿತ್ತು. ಮಸೂದ್ ಅವರ ಸೋದರಮಾವ ಹೋಶ್ಯಾರ್ ಜೀಬಾರಿ ಹನ್ನೊಂದು ವರ್ಷ ಇರಾಕಿನ ವಿದೇಶಾಂಗ ಮಂತ್ರಿಯಾಗಿದ್ದರು.

ನೂರು ವರ್ಷ ಬೆನ್ನಟ್ಟಿಸಿಕೊಂಡ ಮನೆತನ ರಕ್ತಸಂಬಂಧವನ್ನು ಬಿಟ್ಟು ಇನ್ನಾರನ್ನೂ ನಂಬದಂತಾಯಿತು. ಗುಡ್ಡದಲ್ಲಿ ಅಡಗಿರುವಾಗ ಆ ಬುದ್ಧಿ ಜೀವ ಉಳಿಸಿತು, ಸರ್ಕಾರ ನಡೆಸುವಾಗ ಅದೇ ಬುದ್ಧಿ ಬೇರೆಯವರ ಉಸಿರು ಕಟ್ಟಿಸಿತು. 2009ರಲ್ಲಿ ಸುಮಾರು ಶೇ 70 ಮತ ಪಡೆದು ನೇರವಾಗಿ ಆಯ್ಕೆಯಾದವರು ಮಸೂದ್. 2013ರಲ್ಲಿ ಅವಧಿ ಮುಗಿದಾಗ ಸಂಸತ್ತು ಎರಡು ವರ್ಷ ಮುಂದುವರಿಸಿತು. 2015ರಲ್ಲಿ ಅದೂ ಮುಗಿದಾಗ ಇಳಿಯಲಿಲ್ಲ. ಆ ಅಕ್ಟೋಬರ್‌ನಲ್ಲಿ ವಿರೋಧಿ ಗೊರ್ರಾನ್ ಪಕ್ಷದ ಸ್ಪೀಕರ್ ಅವರನ್ನು ಎರ್ಬಿಲ್‌ಗೆ ಬರದಂತೆ ತಡೆದರು, ಸಂಸತ್ತು ಸುಮಾರು ಎರಡು ವರ್ಷ ಸೇರಲೇ ಇಲ್ಲ. 2010ರಲ್ಲಿ ಆಳುವ ಕುಟುಂಬದ ಬಗ್ಗೆ ವಿಡಂಬನೆ ಬರೆದ ಒಬ್ಬ ಯುವ ಪತ್ರಕರ್ತನನ್ನು ಎರ್ಬಿಲ್‌ನಲ್ಲಿ ಅಪಹರಿಸಿ ಕೊಂದರು. ಕೆಡಿಪಿ ತನ್ನ ಕೈವಾಡವಿಲ್ಲ ಎಂದಿತು, ಅಧಿಕೃತ ತನಿಖೆಯ ವರದಿಯನ್ನು ಅವನ ಮನೆಯವರು ಒಪ್ಪಲಿಲ್ಲ. ಹಿಂಸೆ ಉಂಡವರ ಮನೆಯವರೆಂಬ ಕಾರಣಕ್ಕೆ ಇವನ್ನೆಲ್ಲ ಬಿಟ್ಟುಬಿಡಬೇಕೆಂದು ಯಾರೂ ಕೇಳಬಾರದು.

ಟರ್ಕಿಯ ಕುರ್ದರು ಇವರನ್ನು ಯಾಕೆ ಅನುಮಾನದಿಂದ ನೋಡ್ತಾರೆ?

ಎಲ್ಲರೂ ಅಲ್ಲ. ಗಡಿಯಾಚೆಯ ಧಾರ್ಮಿಕ, ಸಂಪ್ರದಾಯಸ್ಥ ಕುರ್ದರಿಗೆ ಬಾರ್ಜಾನಿ ಹೆಸರೆಂದರೆ ಗೌರವ. ಅನುಮಾನ ಇರುವುದು ಅಬ್ದುಲ್ಲಾ ಓಜಲಾನ್ ಕಟ್ಟಿದ, ಟರ್ಕಿಯ ವಿರುದ್ಧ ಶಸ್ತ್ರ ಹಿಡಿದ ಕುರ್ದ್ ಸಂಘಟನೆ ಪಿಕೆಕೆಯ ಕಡೆಯವರಿಗೆ. 1990ರ ದಶಕದಲ್ಲಿ ಟರ್ಕಿ ಸೇನೆ ಇರಾಕಿನ ಒಳಗೆ ಪಿಕೆಕೆಯನ್ನು ಬೇಟೆಯಾಡಿದಾಗ ಕೆಡಿಪಿ ಟರ್ಕಿಯ ಜೊತೆ ನಿಂತಿತ್ತು. ಸಮುದ್ರವಿಲ್ಲದ ಪ್ರಾಂತ್ಯಕ್ಕೆ ಎಣ್ಣೆ ಹೊರಗೆ ಸಾಗಿಸಲು ಟರ್ಕಿಯ ಜೈಹಾನ್ ಬಂದರು ಬೇಕು, ಆ ಅನಿವಾರ್ಯತೆ ಆಮೇಲೆ ಇನ್ನೂ ಬಿಗಿಯಾಯಿತು. 2013ರ ನವೆಂಬರ್‌ನಲ್ಲಿ ಟರ್ಕಿಯ ಆಗಿನ ಪ್ರಧಾನಿ ಎರ್ದೊಗಾನ್ ಜೊತೆ ಅಲ್ಲಿನ ಕುರ್ದ್ ನಗರ ದಿಯಾರ್‌ಬಕಿರ್‌ನ ವೇದಿಕೆ ಹತ್ತಿದ್ದು ಶಾಂತಿಗೆ ಬಲ ಕೊಡಲೆಂದು ಅವರು ಹೇಳಿದರು, ಎರ್ದೊಗಾನ್‌ಗೆ ಮತ ಕೊಡಿಸಲೆಂದು ವಿರೋಧಿಗಳು ಹೇಳಿದರು. 2025ರ ಫೆಬ್ರವರಿಯಲ್ಲಿ ಓಜಲಾನ್‌ರನ್ನು ಜೈಲಿನಲ್ಲಿ ಕಂಡು ಬಂದ ನಿಯೋಗ ಬಾರ್ಜಾನಿಯವರನ್ನು ಭೇಟಿಯಾಯಿತು. ಅದಾಗಿ ಮೂರು ತಿಂಗಳಿಗೆ, ಮೇನಲ್ಲಿ, ಪಿಕೆಕೆ ತನ್ನ ವಿಸರ್ಜನೆಯನ್ನು ಘೋಷಿಸಿತು.

ಹುದ್ದೆ ಬಿಟ್ಟ ಮೇಲೂ ಅವರ ಮಾತೇ ನಡೆಯುತ್ತಾ?

ಬಹುಮಟ್ಟಿಗೆ. ಕೆಡಿಪಿ ಅಧ್ಯಕ್ಷ ಸ್ಥಾನ ಬಿಟ್ಟಿಲ್ಲ. ಬಾಗ್ದಾದಿನ ಪ್ರಧಾನಿಗಳು, ವಿದೇಶಿ ರಾಯಭಾರಿಗಳು ಎರ್ಬಿಲ್ ಹೊರಗಿನ ಗುಡ್ಡದ ಮೇಲಿರುವ ಅವರ ನೆಲೆಗೇ ಬಂದು ಕಾಣುತ್ತಾರೆ. 2024ರ ಅಕ್ಟೋಬರ್ ಚುನಾವಣೆಯಲ್ಲಿ ಕೆಡಿಪಿ 100ರಲ್ಲಿ 39 ಸ್ಥಾನ ಗೆದ್ದು ಮೊದಲ ಪಕ್ಷವಾಯಿತು, ಪಿಯುಕೆ 23 ಪಡೆಯಿತು. ಇಬ್ಬರೂ ಸೇರದೆ ಆಡಳಿತ ನಡೆಯುವುದಿಲ್ಲ. ಇಬ್ಬರ ಪೆಶ್ಮೆರ್ಗಾ ಪಡೆಗಳು ಇನ್ನೂ ಪೂರ್ತಿ ಒಂದಾಗಿಲ್ಲ.